ಹೊಸಬರನ್ನು ಓಡಿಸಬೇಡಿ, ಆಡೋಕೆ ಬಿಡಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ.

ನಾನು ಯಾವ ಆಟಕ್ಕೆ ಹೋದರೂ ಹೀಲರ್ (ಜೊತೆಗಾರರ ಗಾಯ ವಾಸಿ ಮಾಡೋ ಪಾತ್ರ) ಆಗೋಳು ಅಂತ ಇಲ್ಲಿರೋ ಗೇಮಿಂಗ್ ಬಳಗಕ್ಕೆಲ್ಲ ಗೊತ್ತೇ ಇದೆ. ಇವತ್ತು ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಆಟದಲ್ಲಿ ದಿನದ ರೂಲೆಟ್ ಹಾಕಿದೆ (ಗುರುತಿಲ್ಲದವರ ಜೊತೆ ಸೇರಿಸಿ ಆಟವೇ ಯಾವುದೋ ಒಂದು ಕಡೆ ಕಾದಾಡೋಕೆ ಕಳಿಸುತ್ತೆ), ಸಸ್ತಾಶಾ ಸಿಕ್ಕಿತು. ಆ ಆಟದಲ್ಲಿ ಹೊಸಬರು ಕಾಲಿಡೋ ಮೊದಲ ಡಂಜನ್ ಅದು, ಶತ್ರುಗಳು ತುಂಬಿರೋ ಒಂದು ಗುಹೆ. ಲೆವೆಲ್ 15ಕ್ಕೆ ಬಾಗಿಲು ತೆರೆಯುತ್ತೆ. ನಾಲ್ಕು ಜನರ ಪಾರ್ಟಿ: ಮುಂದೆ ನಿಂತು ಏಟು ತಿನ್ನೋಕೆ ಒಬ್ಬರು ಟ್ಯಾಂಕ್, ಒಬ್ಬರು ಹೀಲರ್, ಹೊಡೆಯೋಕೆ ಇಬ್ಬರು. ನಮ್ಮ ಟ್ಯಾಂಕ್ ಹೆಸರಿನ ಪಕ್ಕ ಮೊಳಕೆಯ ಚಿತ್ರ ಇತ್ತು. ಹೊಸಬರಿಗೆ ಆಟವೇ ಹಚ್ಚೋ ಗುರುತು ಅದು. ಒಳಗೆ ಬಂದ ಕೂಡಲೇ "ನನಗಿದು ಮೊದಲ ಸಲ, ತಪ್ಪಾದರೆ ಹೇಳಿ" ಅಂತ ಟೈಪ್ ಕೂಡ ಮಾಡಿದರು.

ಆ ಗುಹೆಯಲ್ಲಿ ರಕ್ತದ ಕಲೆ ಇರೋ ಒಂದು ಚೀಟಿ ಸಿಗುತ್ತೆ. ಕೆಂಪು, ನೀಲಿ, ಹಸಿರು ಹವಳಗಳಲ್ಲಿ ಯಾವುದನ್ನು ಮುಟ್ಟಿದರೆ ದಾರಿ ತೆರೆಯುತ್ತೆ ಅನ್ನೋ ಸುಳಿವು ಅದರಲ್ಲಿರುತ್ತೆ. ಟ್ಯಾಂಕ್ ನಿಂತು ಓದಿದರು. ಓದಲಿ ಅಂತಲೇ ಅಲ್ವಾ ಅದನ್ನ ಅಲ್ಲಿ ಇಟ್ಟಿರೋದು? ಅಷ್ಟರಲ್ಲಿ ಹೊಡೆಯೋ ಇಬ್ಬರೂ ಮುಂದೆ ಓಡಿ, ಕಂಡ ಶತ್ರುಗಳನ್ನೆಲ್ಲ ಮೈಮೇಲೆ ಎಳೆದುಕೊಂಡು ಸತ್ತು ಬಿದ್ದರು. ಚಾಟ್‌ನಲ್ಲಿ ಬೈಗುಳ ಶುರುವಾಯ್ತು. "ಓದೋಕೆ ಬಂದಿದ್ದೀಯಾ?" "ವಿಡಿಯೋ ನೋಡ್ಕೊಂಡು ಬರೋಕಾಗಲ್ವಾ?" ಆಮೇಲೆ ಮತ ಹಾಕಿ ಆ ಹೊಸಬರನ್ನ ಪಾರ್ಟಿಯಿಂದ ತೆಗೆದರು. ನಾನು ಬೇಡ ಅಂತ ಒತ್ತಿದೆ, ಇಬ್ಬರ ಎದುರು ನನ್ನ ಒಂದು ಮತ ನಡೀಲಿಲ್ಲ. ಹೊರಗೆ ಬಂದ ಮೇಲೆ ಅವರನ್ನ ಹುಡುಕಿ ಮೆಸೇಜ್ ಕಳಿಸಿದೆ. ಬಂದ ಉತ್ತರ: "ಟ್ಯಾಂಕ್ ಅಂದ್ರೆ ಎಲ್ಲರಿಗಿಂತ ಜೋರಾಗಿ ಓಡಬೇಕಾ?"

ಓದಿ ಹೊಟ್ಟೆ ಉರೀತು. ಆ ಡಂಜನ್‌ಗೆ ಆಟ ಕೊಟ್ಟಿರೋ ಗಡುವು 90 ನಿಮಿಷ. ನಿಧಾನವಾಗಿ ಹೋದರೂ ಅದರ ಅರ್ಧದಷ್ಟು ಸಮಯ ಸಾಕು. ಆಟ ಕಟ್ಟಿದವರಿಗೆ ಇಲ್ಲದ ಅವಸರ ಆಡೋ ನಮಗೆ ಎಲ್ಲಿಂದ ಬಂತು?

ಗಮನಿಸಿ ನೋಡಿ, "ಎಲ್ಲಿಂದ ಶುರು ಮಾಡಲಿ?" ಅಂತ ಹೊಸಬರು ಕೇಳಿದಾಗಲೆಲ್ಲ ನಮ್ಮವರು ಕೊಡೋ ಉತ್ತರದಲ್ಲಿ ಇದೇ ಅವಸರ ಇರುತ್ತೆ. ಕಥೆ ಬಿಟ್ಟು ಮುಂದೆ ಹೋಗು. ಒಂದೇ ಏಟಿಗೆ ಮೇಲಿನ ಲೆವೆಲ್‌ಗೆ ಹಾರಿಸೋ ಬೂಸ್ಟ್ ಕೊಂಡುಕೋ. ಯಾವ ಕ್ಲಾಸ್ (ಬಿಲ್ಲುಗಾರ, ಮಾಂತ್ರಿಕ ಹೀಗೆ ಪಾತ್ರದ ಕಸುಬು) ಎಲ್ಲಕ್ಕಿಂತ ಜಾಸ್ತಿ ಹೊಡೆಯುತ್ತೆ ಅನ್ನೋ ಪಟ್ಟಿ ನೋಡಿ ಅದನ್ನೇ ಹಿಡಿ. ನಿಜವಾದ ಆಟ ಶುರುವಾಗೋದೇ ಕೊನೆಯ ಲೆವೆಲ್‌ನಲ್ಲಿ. ಈ ಕೊನೆಯ ಮಾತಂತೂ ನನ್ನನ್ನ ತುಂಬಾ ಕೆರಳಿಸುತ್ತೆ. ಕಾದಂಬರಿಯ ಕೊನೆಯ ಅಧ್ಯಾಯದಿಂದ ಓದು ಅಂತ ಯಾರಿಗಾದರೂ ಹೇಳ್ತೀವಾ?

1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟ್ಲ್ ಬೆಳೆಸಿದ ಮಡ್ ಅನ್ನೋ ಆಟದಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ನಾವು ಇವತ್ತು ಆಡೋದೆಲ್ಲ ಆ ವಂಶದ್ದೇ. ಇದೇ ಬಾರ್ಟ್ಲ್ 1996ರಲ್ಲಿ ಆಟಗಾರರಲ್ಲಿ ನಾಲ್ಕು ಬಗೆ ಗುರುತಿಸಿದರು: ಸಾಧನೆಯ ಹಿಂದೆ ಹೋಗೋರು, ಲೋಕ ಸುತ್ತಿ ನೋಡೋರು, ಜನರ ಜೊತೆ ಬೆರೆಯೋಕೆ ಬರೋರು, ಬೇರೆಯವರ ಮೇಲೆ ಬೀಳೋರು. ಕೊನೆಯ ಲೆವೆಲ್ ಮುಟ್ಟೋ ತವಕ ಮೊದಲನೇ ಬಗೆಯವರದು. ಉಳಿದವರಿಗೆಲ್ಲ ಅದನ್ನೇ ಕಡ್ಡಾಯ ಮಾಡೋಕೆ ಇವರ್ಯಾರು?

ಬೂಸ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ದುಡ್ಡು ಕೊಟ್ಟು ಕೆಡೋದು ಇಲ್ಲೇ. ಆಟ ನಿಮಗೆ ಒಂದು ಲೆವೆಲ್‌ಗೆ ಒಂದು ವಿದ್ಯೆ, ಇನ್ನೊಂದಕ್ಕೆ ಮತ್ತೊಂದು ಅಂತ ಬಿಡಿಬಿಡಿಯಾಗಿ ಕೊಡುತ್ತಲ್ಲ, ಅದೇ ಪಾಠ. ಲೆವೆಲ್ 4ರಲ್ಲಿ ಸಿಕ್ಕಿದ ಬಟನ್ ಕೈಗೆ ಒಗ್ಗಿದ ಮೇಲೆ ಮುಂದಿನದು ಬರುತ್ತೆ. ಬೂಸ್ಟ್ ತಗೊಂಡು ನೇರ ಮೇಲಕ್ಕೆ ಹೋದರೆ ಸ್ಕ್ರೀನ್ ತುಂಬ ಬಟನ್, ಯಾವುದು ಯಾಕೆ ಅಂತ ಗೊತ್ತಿಲ್ಲ. ಅಂಥವರು ಬಾಸ್ (ಡಂಜನ್ ಕಾಯೋ ದೊಡ್ಡ ಶತ್ರು) ಎದುರು ತಡವರಿಸಿದಾಗ ಬೈಯೋರು ಯಾರು? ಬೂಸ್ಟ್ ತಗೋ ಅಂತ ಹೇಳಿದವರೇ.

ಕ್ಲಾಸ್ ಆರಿಸೋದಕ್ಕೂ ಇದೇ ಮಾತು. ಜಾಸ್ತಿ ಹೊಡೆಯೋ ಕ್ಲಾಸ್ ಯಾವುದು ಅನ್ನೋದು ಪ್ರತೀ ಅಪ್‌ಡೇಟ್‌ಗೂ ಬದಲಾಗುತ್ತೆ. ನಿಮಗೆ ಏನು ಮಾಡೋಕೆ ಇಷ್ಟ ಅನ್ನೋದು ಬದಲಾಗಲ್ಲ. ದೂರದಿಂದ ಬಾಣ ಬಿಡೋದು ಚೆನ್ನಾಗನ್ನಿಸಿದರೆ ಬಿಲ್ಲು ಹಿಡೀರಿ, ಅಷ್ಟೇ. ಫೈನಲ್ ಫ್ಯಾಂಟಸಿ 14ರಲ್ಲಿ ಒಂದೇ ಪಾತ್ರ ಎಲ್ಲ ಜಾಬ್‌ಗಳನ್ನೂ (ಜಾಬ್ ಅಂದರೆ ಅಲ್ಲಿ ಕ್ಲಾಸ್ ಇದ್ದ ಹಾಗೆ) ಕಲಿಯಬಹುದು, ಆಯುಧ ಬದಲಿಸಿದರೆ ಜಾಬ್ ಬದಲಾಗುತ್ತೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಗಿಲ್ಡ್ ವಾರ್ಸ್ 2 ಅನ್ನೋ ಆಟಗಳು ಹಾಗಲ್ಲ, ಅಲ್ಲಿ ಕ್ಲಾಸ್ ಬದಲಿಸಬೇಕಂದ್ರೆ ಹೊಸ ಪಾತ್ರ ಮಾಡಬೇಕು. ಹಾಗಾಗಿ ಅಲ್ಲಿ ಎರಡು ಮೂರು ಪಾತ್ರ ಮಾಡಿ, ಲೆವೆಲ್ 10ರವರೆಗೆ ಆಡಿ ನೋಡಿ, ಕೈ ಯಾವುದರ ಕಡೆ ತಾನಾಗಿ ಹೋಗುತ್ತೋ ಅದನ್ನ ಇಟ್ಟುಕೊಳ್ಳಿ.

ಇನ್ನು ಟ್ಯಾಂಕ್ ಆಗೋಕೆ ಹೆದರ್ತಿರೋರಿಗೆ. ನಿಮ್ಮ ಕೆಲಸ ಶತ್ರುಗಳ ಕೋಪವನ್ನ ನಿಮ್ಮ ಮೇಲೆ ಹಿಡಿದಿಡೋದು. ಆ ಕೋಪಕ್ಕೆ ಆಗ್ರೋ ಅಂತಾರೆ. ಟ್ಯಾಂಕ್‌ಗಳಿಗೆ ಅಂತ ಆ ಕೋಪ ಹೆಚ್ಚಿಸೋ ಸ್ಟ್ಯಾನ್ಸ್ ಅನ್ನೋ ಬಟನ್ ಇರುತ್ತೆ, ಫೈನಲ್ ಫ್ಯಾಂಟಸಿ 14ರ ಗ್ಲಾಡಿಯೇಟರ್ ಅನ್ನೋ ಟ್ಯಾಂಕ್‌ಗೆ ಲೆವೆಲ್ 10ರಲ್ಲಿ ಸಿಗುತ್ತೆ, ಒಳಗೆ ಕಾಲಿಡುವಾಗಲೇ ಅದು ಆನ್ ಇದೆಯಾ ನೋಡಿಕೊಳ್ಳಿ. ಬಾಸ್ ಮುಖ ಗೆಳೆಯರ ಕಡೆ ಇರದ ಹಾಗೆ ತಿರುಗಿಸಿ ನಿಲ್ಲಿ, ಯಾಕಂದ್ರೆ ಬಾಸ್‌ಗಳ ದೊಡ್ಡ ಏಟು ಸಾಮಾನ್ಯವಾಗಿ ಮುಂದಕ್ಕೆ ಬೀಳುತ್ತೆ. ಒಂದು ಗುಂಪು ಸತ್ತ ಮೇಲೆ ಇನ್ನೊಂದು ಗುಂಪು. ಹೊಡೆಯೋರು, ಹೀಲರ್‌ಗಳು ನೆಲದ ಮೇಲೆ ಬಣ್ಣದ ಗುರುತು ಬಿದ್ದ ತಕ್ಷಣ ಅಲ್ಲಿಂದ ಸರೀರಿ, ಬಟನ್ ಒತ್ತೋದು ಒಂದು ಸೆಕೆಂಡ್ ತಡ ಆದರೂ ಪರವಾಗಿಲ್ಲ. ಹೀಲರ್ ಆಗಿ ಹೇಳ್ತಿದ್ದೀನಿ: ನನಗೆ ಕಷ್ಟ ಕೊಡೋದು ನಿಧಾನ ಟ್ಯಾಂಕ್ ಯಾವತ್ತೂ ಅಲ್ಲ. ಟ್ಯಾಂಕ್‌ಗಿಂತ ಮುಂದೆ ಓಡೋ ಹಳಬರು.

"ನಮಗೂ ಟೈಮ್ ಇಲ್ಲಾ ರೀ, ಕೆಲಸ ಮುಗಿಸಿ ಬಂದು ಒಂದು ಗಂಟೆ ಆಡ್ತೀವಿ" ಅಂತೀರಿ. ಒಪ್ತೀನಿ, ನನ್ನದೂ ಅದೇ ಗತಿ. ಆದರೆ ರೂಲೆಟ್‌ಗೆ ದಿನಕ್ಕೊಮ್ಮೆ ವಿಶೇಷ ಬಹುಮಾನ ಇಟ್ಟಿರೋದು ಯಾಕೆ? ಹೊಸಬರಿಗೆ ಪಾರ್ಟಿ ಸಿಗಲಿ ಅಂತ. ಪಾರ್ಟಿಯಲ್ಲಿ ಯಾರಿಗಾದರೂ ಆ ಡಂಜನ್ ಮೊದಲ ಸಲ ಆಗಿದ್ದರೆ ಉಳಿದವರಿಗೆಲ್ಲ ಮೇಲೆ ಇನ್ನಷ್ಟು ಸಿಗುತ್ತೆ. ಅಂದರೆ ನಿಮ್ಮ ಸಮಯಕ್ಕೆ ಆಟ ಬೆಲೆ ಕಟ್ಟಿ ಕೊಟ್ಟಾಗಿದೆ. ಅದನ್ನ ಪಡೆದು, ಯಾರ ದೆಸೆಯಿಂದ ಅದು ಬರುತ್ತೋ ಅವರನ್ನೇ ಹೊರಗೆ ಹಾಕೋದು ನ್ಯಾಯ ಅಲ್ಲ.

ಇದು ಇವತ್ತಿನ ರೋಗವೂ ಅಲ್ಲ. ಫೈನಲ್ ಫ್ಯಾಂಟಸಿ 14ರಲ್ಲೇ ಪ್ರಿಟೋರಿಯಮ್ ಅಂತ ಎಂಟು ಜನರ ದೊಡ್ಡ ದಾಳಿ ಇತ್ತು, ಮೊದಲ ಭಾಗದ ಕಥೆ ಬಂದು ಸೇರೋ ಜಾಗ. ಹಳಬರು ಕಟ್‌ಸೀನ್ (ನಡುವೆ ಬರೋ ಕಥೆಯ ದೃಶ್ಯ) ದಾಟಿಸಿ ಓಡಿ ಹೋಗಿ ಬಾಸ್ ಮುಗಿಸಿಬಿಡೋರು. ಕಟ್‌ಸೀನ್ ನೋಡ್ತಿದ್ದ ಹೊಸಬರಿಗೆ ಪರದೆ ತೆರೆದಾಗ ಬಾಸ್ ಹೆಣ ಕಾಣೋದು. ಕೊನೆಗೆ 2018ರ ಜನವರಿಯಲ್ಲಿ ಅಲ್ಲಿನ ಕಟ್‌ಸೀನ್‌ಗಳನ್ನ ಯಾರೂ ದಾಟಿಸೋಕೆ ಆಗದ ಹಾಗೆ ಮಾಡಿದರು. 2022ರ ಏಪ್ರಿಲ್‌ನಲ್ಲಿ ಇಡೀ ದಾಳಿಯನ್ನೇ ನಾಲ್ಕು ಜನಕ್ಕೆ ಇಳಿಸಿ ಹೊಸದಾಗಿ ಕಟ್ಟಿದರು. ಅದೇ ಹೊತ್ತಿಗೆ ಸಸ್ತಾಶಾದಂಥ ಕಥೆಯ ಡಂಜನ್‌ಗಳನ್ನ ಕಂಪ್ಯೂಟರ್ ನಡೆಸೋ ಸಂಗಾತಿಗಳ ಜೊತೆ ಆಡೋ ಸೌಲಭ್ಯವೂ ಬಂತು. ಹೊಸಬರೇ, ಧೈರ್ಯ ಬರೋವರೆಗೆ ಅದನ್ನ ಬಳಸಿ, ಅವು ಬೈಯಲ್ಲ. ಆದರೆ ಜನರ ಜೊತೆ ಆಡೋಕೆ ಅಂತಲೇ ಇರೋ ಆಟದಲ್ಲಿ ಜನರಿಗೆ ಹೆದರಿ ಬೊಂಬೆಗಳ ಜೊತೆ ಆಡಿ ಅಂತ ನಾನು ಹೇಳಬೇಕಾಗಿದೆಯಲ್ಲ, ಅದು ನನಗೆ ನೋವು.

"ನಮಗೆ ಯಾರು ಹೇಳಿಕೊಟ್ಟರು?" ಅನ್ನೋ ಹಳೇ ಹುಲಿಗಳೂ ಇದ್ದಾರೆ. ಹೇಳಿಕೊಟ್ಟರು ಸ್ವಾಮಿ. 1999ರ ಎವರ್‌ಕ್ವೆಸ್ಟ್ ಅನ್ನೋ ಆಟದಲ್ಲಿ ಸತ್ತರೆ ಗಳಿಸಿದ ಅನುಭವ ಕಡಿಮೆ ಆಗೋದು, ತೊಟ್ಟ ಕವಚ ಹೆಣದ ಮೇಲೇ ಉಳಿಯೋದು, ಅದನ್ನ ತರೋಕೆ ಬರಿಗೈಯಲ್ಲಿ ವಾಪಸ್ ಹೋಗಬೇಕಿತ್ತು. ಯಾರೋ ಗುರುತಿಲ್ಲದವರು ಜೊತೆಗೆ ಬಂದು ಕಾಯದೇ ಇದ್ದರೆ ಎಷ್ಟು ಜನ ಅವತ್ತೇ ಆಟ ಬಿಡ್ತಿದ್ದರು! ಅಲ್ಲಿ ಜೊತೆಗೆ ಆಡೋರೆಲ್ಲ ಒಂದೇ ಸರ್ವರ್‌ನವರು, ಅಂದರೆ ಆಟದ ಒಂದೇ ಪ್ರತಿಯೊಳಗೆ ಇರೋರು, ಒಬ್ಬರ ಜೊತೆ ಕೆಟ್ಟದಾಗಿ ನಡೆದುಕೊಂಡರೆ ನಾಳೆ ನಿಮ್ಮನ್ನ ಯಾರೂ ಪಾರ್ಟಿಗೆ ಸೇರಿಸ್ತಿರಲಿಲ್ಲ. 2009ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್ ಬೇರೆ ಬೇರೆ ಸರ್ವರ್‌ನವರನ್ನ ತಾನೇ ಜೋಡಿಸೋ ವ್ಯವಸ್ಥೆ ತಂದಿತು. ಪಾರ್ಟಿ ಬೇಗ ಸಿಗೋಕೆ ಶುರುವಾಯ್ತು, ಆದರೆ ಮತ್ತೆ ಮುಖ ನೋಡಬೇಕಾಗಿಲ್ಲ ಅನ್ನೋ ಧೈರ್ಯವೂ ಬಂತು. ನನ್ನ ಮಟ್ಟಿಗೆ ನಡತೆ ಕೆಟ್ಟಿದ್ದು ಅಲ್ಲಿಂದ.

ಅದಕ್ಕೇ ಹೊಸಬರಿಗೆ ನನ್ನ ಮುಖ್ಯವಾದ ಸಲಹೆ ಕವಚದ ಬಗ್ಗೆಯೂ ಅಲ್ಲ, ಆಯುಧದ ಬಗ್ಗೆಯೂ ಅಲ್ಲ. ಕವಚಕ್ಕೆ ಶುರುವಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಕ್ವೆಸ್ಟ್‌ನಲ್ಲಿ (ಆಟ ಒಪ್ಪಿಸೋ ಕೆಲಸಗಳಲ್ಲಿ) ಸಿಕ್ಕಿದ್ದು ಸಾಕು, ನಾಲ್ಕು ಲೆವೆಲ್ ದಾಟಿದರೆ ಅದು ಹಳೇದು. ಒಳ್ಳೇ ಗಿಲ್ಡ್ (ಆಟಗಾರರು ಕಟ್ಟಿಕೊಂಡ ಬಳಗ) ಹುಡುಕಿ. ಸೇರಿದ ದಿನವೇ ಚಾಟ್‌ನಲ್ಲಿ ತೀರಾ ಸಣ್ಣ ಪ್ರಶ್ನೆ ಕೇಳಿ ನೋಡಿ. ಯಾರಾದರೂ ಸಮಾಧಾನದಿಂದ ಉತ್ತರಿಸಿದರೆ ಅಲ್ಲೇ ಇರಿ. "ಗೂಗಲ್ ಮಾಡು" ಅಂದರೆ ಅದೇ ಕ್ಷಣ ಬಿಟ್ಟು ಬನ್ನಿ. ಮನುಷ್ಯರಿಗೆ ತೀರಾ ಹೆದರೋರು ಗಿಲ್ಡ್ ವಾರ್ಸ್ 2ರಿಂದ ಶುರು ಮಾಡಿ: ಬಿದ್ದವರನ್ನ ಯಾರು ಬೇಕಾದರೂ ಎಬ್ಬಿಸಬಹುದು, ಶತ್ರು ಸತ್ತಾಗ ಒಬ್ಬರಿಗೆ ಸಿಗೋ ವಸ್ತುಗಳನ್ನ ಇನ್ನೊಬ್ಬರು ಕಸಿಯೋಕಾಗಲ್ಲ, ದೊಡ್ಡ ಲೆವೆಲ್‌ನವರು ನಿಮ್ಮ ಜಾಗಕ್ಕೆ ಬಂದರೆ ಅವರ ಬಲವೂ ಅಲ್ಲಿಗೆ ತಕ್ಕ ಹಾಗೆ ಇಳಿಯುತ್ತೆ.

ಖಾತೆಗೆ ಎರಡು ಹಂತದ ಭದ್ರತೆ ಇವತ್ತೇ ಹಾಕಿ. ವಾರ್‌ಕ್ರಾಫ್ಟ್ ಅದಕ್ಕೆ ಚೀಲದಲ್ಲಿ ನಾಲ್ಕು ಜಾಗ ಹೆಚ್ಚಿಗೆ ಕೊಡುತ್ತೆ ಕೂಡ. "ನಿನ್ನ ಚಿನ್ನ ಕೊಡು, ಎರಡರಷ್ಟು ಮಾಡಿ ಕೊಡ್ತೀನಿ" ಅನ್ನೋರು ರೂನ್‌ಸ್ಕೇಪ್ ಅನ್ನೋ ಆಟದಲ್ಲಿ ಎಷ್ಟೋ ವರ್ಷದಿಂದ ಇದ್ದಾರೆ, ಒಬ್ಬರೂ ವಾಪಸ್ ಕೊಟ್ಟಿಲ್ಲ.

ಮತ್ತೆ ದುಡ್ಡು. ವಾರ್‌ಕ್ರಾಫ್ಟ್ ಲೆವೆಲ್ 20ರವರೆಗೆ ಉಚಿತ, ಗಿಲ್ಡ್ ವಾರ್ಸ್ 2ರ ಮೂಲ ಆಟ 2015ರಿಂದ ಉಚಿತ, ಫೈನಲ್ ಫ್ಯಾಂಟಸಿ 14ರ ಉಚಿತ ಖಾತೆಯಲ್ಲಿ ಲೆವೆಲ್ 70ರವರೆಗೆ, ಎರಡು ವಿಸ್ತರಣೆಗಳ ಪೂರ್ತಿ ಕಥೆ ಸೇರಿ, ಎಷ್ಟು ದಿನ ಬೇಕಾದರೂ ಆಡಬಹುದು. ಒಮ್ಮೆ ಕೊಂಡ ಖಾತೆ ಮತ್ತೆ ಉಚಿತಕ್ಕೆ ಮರಳಲ್ಲ, ಆದ್ದರಿಂದ ಕೊಳ್ಳೋಕೂ ಅವಸರ ಬೇಡ. ಆದರೆ ಉಚಿತ ಖಾತೆಯವರು ತಾವಾಗಿ ಪಾರ್ಟಿ ಕಟ್ಟೋಕಾಗಲ್ಲ, ಬೇರೆಯವರೇ ಕರೀಬೇಕು. ನಾನು ಕರೀತೀನಿ. ಪಾತ್ರದ ಹೆಸರು, ಸರ್ವರ್, ಯಾವ ಡಂಜನ್‌ನಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಇನ್‌ಬಾಕ್ಸ್‌ನಲ್ಲಿ ಹಾಕಿ. ಕಟ್‌ಸೀನ್ ಪೂರ್ತಿ ನೋಡಿ, ನಾನು ಕಾಯ್ತೀನಿ.