ಎಡಗಡೆಯೋ ಬಲಗಡೆಯೋ

ವಿಮಾನದಲ್ಲಿ ಕಿಟಕಿ ಸೀಟೇ ಬೇಕು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕಾಲು ಚಾಚಲು ದಾರಿ ಪಕ್ಕದ ಸೀಟು ಕೇಳುವವರು ಅಲ್ಲೇ ಸುಖವಾಗಿರಲಿ. ನನ್ನ ತಲೆ ಕೆಡುವುದು ಮುಂದಿನ ಪ್ರಶ್ನೆಗೆ. ಯಾವ ಕಡೆಯ ಕಿಟಕಿ?

ಕೆಲವು ದಾರಿಗಳಲ್ಲಿ ಉತ್ತರ ಸಲೀಸು. ದೆಹಲಿಯಿಂದ ಕಠ್ಮಂಡುವಿಗೆ ಹೋಗುವಾಗ ಹಿಮಾಲಯ ಎಡಕ್ಕೆ, ಬರುವಾಗ ಬಲಕ್ಕೆ. ಆದರೂ ಹೋಗುವಾಗ ಎಡ ಕಿಟಕಿಯ ಎ ಸೀಟಿನಲ್ಲಿ ಬೆಟ್ಟ ಕಂಡವರು ಬರುವಾಗಲೂ ಅದೇ ಎ ಸೀಟು ಹಿಡಿಯುವುದುಂಟು. ನ್ಯೂಯಾರ್ಕ್‌ನಿಂದ ಲಂಡನ್‌ಗೆ ರಾತ್ರಿ ಹಾರುವವರಿಗೂ ಎಡಗಡೆಯೇ ಉತ್ತರ ದಿಕ್ಕು. ರಾತ್ರಿ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಧ್ರುವಪ್ರಭೆ ಕಾಣುವ ಅದೃಷ್ಟ ಇದ್ದರೆ ಹೆಚ್ಚಾಗಿ ಆ ಕಡೆಯೇ.

ಬೆಟ್ಟವೂ ಇಲ್ಲ, ಕಡಲೂ ಇಲ್ಲ ಅನ್ನುವ ದಾರಿಯಲ್ಲಿ ಏನು ಮಾಡುವುದು? ಜನ ಸೂರ್ಯನ ಹಿಂದೆ ಬೀಳುತ್ತಾರೆ. ನಾನು ಸೂರ್ಯನಿಗೆ ಬೆನ್ನು ಹಾಕುತ್ತೇನೆ. ಬಿಸಿಲು ನೇರವಾಗಿ ಬಿದ್ದರೆ ಕಿಟಕಿಯ ಮೇಲಿನ ಗೀರೆಲ್ಲ ಹೊಳೆಯುತ್ತದೆ, ಕೆಳಗಿನ ನೆಲ ಬರೀ ಹಾಲು ಹಾಲು. ಸಾಲದ್ದಕ್ಕೆ ಪಕ್ಕದವರು ಪರದೆ ಎಳೆಯಿರಿ ಅನ್ನುತ್ತಾರೆ. ಎದುರು ಬದಿಯಲ್ಲಿ ಕೂತರೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಿದ್ದು ಹೊಲ, ಕೆರೆ, ದಾರಿ ಎಲ್ಲ ಬಣ್ಣ ಸಮೇತ ಕಾಣುತ್ತವೆ. ಬೆಳಿಗ್ಗೆ ಉತ್ತರಕ್ಕೆ ಹಾರುವುದಾದರೆ ಸೂರ್ಯ ಬಲಕ್ಕೆ, ನಾವು ಎಡಕ್ಕೆ. ಸಂಜೆ ಅದೇ ದಾರಿಗೆ ತಿರುಗುಮುರುಗು. ಕಠ್ಮಂಡು ದಾರಿಯ ಹಿಮ ಅಷ್ಟು ಚೆನ್ನಾಗಿ ಕಾಣುವುದಕ್ಕೂ ಇದೇ ಕಾರಣ. ಅಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕಿರುತ್ತಾನೆ, ಬೆಟ್ಟ ಉತ್ತರಕ್ಕೆ.

ನೆರಳಿನ ಬದಿಗೆ ಇನ್ನೊಂದು ಲಾಭ ಇದೆ. ಕೆಳಗೆ ಮೋಡ ಹರಡಿದ್ದರೆ ವಿಮಾನದ ನೆರಳು ಅದರ ಮೇಲೆ ಓಡುತ್ತಾ ಬರುತ್ತದೆ, ಸುತ್ತ ಬಣ್ಣದ ಉಂಗುರ. ಇದಕ್ಕೆ ಗ್ಲೋರಿ ಅನ್ನುತ್ತಾರೆ. ಮೋಡದ ಸಣ್ಣ ಸಣ್ಣ ನೀರ ಹನಿಗಳು ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುವುದರಿಂದ ಆಗುವುದು. ನನಗೆ ತುಂಬಾ ಇಷ್ಟವಾದ ವಿಷಯವೆಂದರೆ, ಉಂಗುರದ ನಡುಬಿಂದು ನೋಡುವವರ ಸೀಟಿನ ನೆರಳಿನ ಮೇಲೇ ಇರುತ್ತದೆ. ಮುಂದೆ ಕೂತವರ ಉಂಗುರ ಮುಂದೆ, ಬಾಲದ ಹತ್ತಿರ ಕೂತವರದು ಬಾಲದ ಹತ್ತಿರ. ಒಬ್ಬೊಬ್ಬರಿಗೂ ಬೇರೆ ಬೇರೆ!

ಸಂಜೆಯಂತೂ ಎಲ್ಲರ ಫೋನೂ ಪಡುವಣದ ಕಿಟಕಿಗೆ ಅಂಟಿರುತ್ತದೆ. ಆಗ ಮೂಡಣದ ಕಡೆ ದಿಗಂತದಿಂದ ಬೂದು ನೀಲಿಯ ಪಟ್ಟಿಯೊಂದು ಮೇಲೇರುತ್ತಿರುತ್ತದೆ, ಅದರ ಮೇಲಂಚಿಗೆ ತಿಳಿ ಗುಲಾಬಿ. ಆ ನೀಲಿ ಏನು ಗೊತ್ತಾ? ಭೂಮಿಯ ನೆರಳು. ಇಡೀ ಭೂಮಿಯದು. ನೋಡುವವರು ಮಾತ್ರ ಕಡಿಮೆ.

ಕಡೆ ಸರಿಯಾದರೂ ಸಾಲು ತಪ್ಪಿದರೆ ಕಷ್ಟ. ನಡುವಿನ ಸಾಲುಗಳಿಗೆ ಬರೀ ರೆಕ್ಕೆ. ರೆಕ್ಕೆಯ ಹಿಂದೆ ಎಂಜಿನ್ನಿನ ಬಿಸಿ ಗಾಳಿಗೆ ನೋಟವೇ ನಡುಗುತ್ತದೆ. ರೆಕ್ಕೆಗಿಂತ ಮುಂದೆ ಸಿಕ್ಕರೆ ಒಳ್ಳೆಯದು. ಅಲ್ಲೂ ಒಂದು ಗುಂಡಿ ಇದೆ. ಬೋಯಿಂಗ್ 737ರಲ್ಲಿ ಎಸಿ ಗಾಳಿಯ ಕೊಳವೆ ಗೋಡೆಯೊಳಗೆ ಹಾದುಹೋಗುವ ಜಾಗದಲ್ಲಿ ಕಿಟಕಿಯೇ ಇರುವುದಿಲ್ಲ. ಕಿಟಕಿ ಸೀಟು ಅಂತಲೇ ಕೊಟ್ಟಿರುತ್ತಾರೆ, ನೋಡುವುದಕ್ಕೆ ಪ್ಲಾಸ್ಟಿಕ್ ಗೋಡೆ.

ಇನ್ನು ಇಳಿಯುವಾಗ ನಮ್ಮ ಲೆಕ್ಕ ನಡೆಯುವುದಿಲ್ಲ, ಗಾಳಿಯದ್ದು ನಡೆಯುತ್ತದೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಒಂದೇ ರನ್‌ವೇಯ ಒಂದು ತುದಿಗೆ 09, ಇನ್ನೊಂದಕ್ಕೆ 27 ಅಂತ ಬರೆದಿದ್ದರೆ, ಮೊದಲನೆಯದರಲ್ಲಿ ಇಳಿಯುವಾಗ ಮುಖ ಪೂರ್ವಕ್ಕೆ, ಎರಡನೆಯದರಲ್ಲಿ ಪಶ್ಚಿಮಕ್ಕೆ. ನಿನ್ನೆ ಎಡಕ್ಕಿದ್ದ ಊರು ಇವತ್ತು ಬಲಕ್ಕೆ. ಮೇಲೆ ಸುತ್ತು ಹೊಡೆಯುತ್ತಾ ಕಾಯುವಾಗ ಮಾತ್ರ ಪೈಲಟ್‌ಗಳು ಬೇರೆ ಸೂಚನೆ ಇಲ್ಲದಿದ್ದರೆ ಬಲಕ್ಕೇ ತಿರುಗುತ್ತಾರೆ. ಬಲಗಡೆಯವರಿಗೆ ಊರು, ಎಡಗಡೆಯವರಿಗೆ ಖಾಲಿ ಆಕಾಶ. ಆಗ ಎಡಗಡೆಯವರು ಕತ್ತು ಚಾಚಿ ನಮ್ಮ ಕಿಟಕಿಯತ್ತ ಇಣುಕುತ್ತಾರೆ. ನಾನು ತಲೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಸ್ವಲ್ಪ ಮಾತ್ರ.