ವಿಧವೆ ಗೊಂಬೆ, ಕಳ್ಳಿಗಿಡ ಮತ್ತು ದೇಶದ ಭದ್ರತೆ

ಟಿ.ವಿ. ಮುಂದೆ ಕುಳಿತು ಗೊಂಬೆಯ ಚೇಷ್ಟೆಗೆ ನಕ್ಕು, ಜಾಹೀರಾತು ಬಂದಾಗ ಅಡುಗೆಮನೆಗೆ ಎದ್ದುಹೋಗುವ ನಮ್ಮಂಥವರನ್ನು ವೀಕ್ಷಕರೆಂದು ಕರೆಯುವುದು ಆ ಪದಕ್ಕೇ ಮಾಡುವ ಅವಮಾನ. ನಿಜವಾದ ವೀಕ್ಷಕನು ಜಾಹೀರಾತನ್ನೇ ಹೆಚ್ಚು ಗಮನವಿಟ್ಟು ನೋಡುತ್ತಾನೆ. ನೋಡಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಪ್ರಾಸಿಕ್ಯೂಟರ್ ಕಚೇರಿಗೆ ಮುಟ್ಟಿಸುತ್ತಾನೆ. ಅಂಥ ಒಬ್ಬ ಆದರ್ಶ ವೀಕ್ಷಕನು 2014ರ ಜನವರಿಯಲ್ಲಿ ಈಜಿಪ್ಟ್ ದೇಶದಲ್ಲಿ ಕಾಣಿಸಿಕೊಂಡನು. ಅವನ ಸೇವೆಗೆ ತಕ್ಕ ಮನ್ನಣೆ ಇದುವರೆಗೆ ಸಿಕ್ಕಿಲ್ಲವೆಂಬ ಕೊರಗಿನಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಆರೋಪಿಯ ಹೆಸರು ಅಬ್ಲಾ ಫಾಹಿತಾ. ವೃತ್ತಿಯಿಂದ ಕೈಗೊಂಬೆ, ಸ್ಥಿತಿಯಿಂದ ವಿಧವೆ, ಸ್ವಭಾವದಿಂದ ವಾಚಾಳಿ. ಯೂಟ್ಯೂಬ್‌ನಲ್ಲಿ ಹೆಸರು ಮಾಡಿದ ಈಕೆಗೆ ಕಾರ್ಕೂರಾ ಎಂಬ ಮಗಳಿದ್ದಾಳೆ; ಫೋನ್ ಹಿಡಿದರೆ ಊರಿನ ಸುದ್ದಿಯೆಲ್ಲ ಮುಗಿಯುವವರೆಗೆ ಕೆಳಗಿಡುವ ಅಭ್ಯಾಸವಿಲ್ಲ. ಮೊಬೈಲ್ ಸಂಸ್ಥೆಯಾದ ವೊಡಾಫೋನ್ ತನ್ನ ಜಾಹೀರಾತಿಗೆ ಈಕೆಯನ್ನು ಆರಿಸಿಕೊಂಡಿತು. ಬಳಸದೆ ಬಿದ್ದಿರುವ ಹಳೆಯ ಸಿಮ್ಮಿಗೆ ಮತ್ತೆ ಜೀವ ಕೊಡಿ ಎಂಬುದಷ್ಟೇ ಅದರ ಹೂರಣ. ಫಾಹಿತಾ ತೀರಿಕೊಂಡ ಗಂಡನ ಸಿಮ್ ಹುಡುಕುತ್ತಾಳೆ, ವಾಸನೆ ಹಿಡಿಯುವ ನಾಯಿಯ ವಿಷಯ ಬರುತ್ತದೆ, ಮಾಲ್‌ನ ವಿಷಯ ಬರುತ್ತದೆ, ಹಿನ್ನೆಲೆಯಲ್ಲಿ ಕ್ರಿಸ್‌ಮಸ್ ಅಲಂಕಾರ ತೂಗುಹಾಕಿದ ಒಂದು ಕಳ್ಳಿಗಿಡ ನಿಂತಿರುತ್ತದೆ. ಲಕ್ಷಾಂತರ ಜಡಮತಿಗಳು ಇದನ್ನು ಹಾಸ್ಯವೆಂದು ತಿಳಿದರು.

ನಮ್ಮ ವೀಕ್ಷಕನು ಮಾತ್ರ ಮೋಸಹೋಗಲಿಲ್ಲ. ಕಳ್ಳಿಗಿಡಕ್ಕೆ ನಾಲ್ಕು ಕೊಂಬೆಗಳಿದ್ದವು. ಆದ್ದರಿಂದ ಅದು ಮುಸ್ಲಿಂ ಬ್ರದರ್‌ಹುಡ್ ಬೆಂಬಲಿಗರ ನಾಲ್ಕು ಬೆರಳಿನ ಗುರುತು. ಕೊಂಬೆಯಿಂದ ಗುಂಡನೆಯ ವಸ್ತುವೊಂದು ತೂಗುತ್ತಿತ್ತು. ಆದ್ದರಿಂದ ಅದು ಬಾಂಬ್. ನಾಯಿ ಮತ್ತು ಮಾಲ್ ಒಂದೇ ಸಂಭಾಷಣೆಯಲ್ಲಿ ಬಂದವು. ಆದ್ದರಿಂದ ಸ್ಫೋಟದ ಸ್ಥಳವೂ ನಿಗದಿಯಾಗಿದೆ. ಫಾಹಿತಾ ಪ್ರಸ್ತಾಪಿಸುವ ‘ಮಾಮಾ ತೂತಾ’ ಎಂಬ ಹೆಸರು ಸಂಘಟನೆಯ ಗುಪ್ತನಾಮ. ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ಸಂದು ಇಲ್ಲದ ಈ ದೂರನ್ನು ಸರ್ಕಾರವು ಕಸದ ಬುಟ್ಟಿಗೆ ಹಾಕಬಹುದಿತ್ತು. ಹಾಗೆ ಮಾಡುವ ಬೇಜವಾಬ್ದಾರಿ ಅದಕ್ಕಿರಲಿಲ್ಲ. ದೂರು ರಾಷ್ಟ್ರೀಯ ಭದ್ರತೆಯ ಪ್ರಕರಣಗಳನ್ನು ನೋಡಿಕೊಳ್ಳುವ ಪ್ರಾಸಿಕ್ಯೂಷನ್ ವಿಭಾಗಕ್ಕೆ ಹೋಯಿತು. ವೊಡಾಫೋನ್ ಪ್ರತಿನಿಧಿಗಳನ್ನು ಕರೆಸಿ ವಿಚಾರಿಸಲಾಯಿತು. ಜಾಹೀರಾತಿನಲ್ಲಿ ಯಾವ ಗೂಢಾರ್ಥವೂ ಇಲ್ಲವೆಂದು ಸಂಸ್ಥೆ ಸ್ಪಷ್ಟನೆ ಕೊಡಬೇಕಾಯಿತು.

ಆ ವಿಚಾರಣೆಯ ಕೊಠಡಿಯನ್ನು ಕಲ್ಪಿಸಿಕೊಳ್ಳುವ ಆಸೆಯನ್ನು ನಾನು ಹತ್ತಿಕ್ಕಲಾರೆ. ಮೃತ ಪತಿಯ ಹೆಸರೇನು, ಅವನು ಸತ್ತದ್ದು ಯಾವಾಗ, ಅದಕ್ಕೂ ಮೊದಲು ಎಂದಾದರೂ ಬದುಕಿದ್ದನೇ, ಆರೋಪಿಯ ತೋಳಿನೊಳಗಿರುವ ಕೈ ಯಾರದು, ಆ ಕೈಯ ಹಿಂದಿನ ಕೈ ಯಾರದು ಎಂದೆಲ್ಲ ಒಬ್ಬ ಅಧಿಕಾರಿ ಗಂಭೀರವಾಗಿ ಕೇಳಿ, ಇನ್ನೊಬ್ಬ ಅಷ್ಟೇ ಗಂಭೀರವಾಗಿ ಬರೆದುಕೊಂಡಿರಬೇಕು. ಕಲ್ಪನೆಯ ಅಗತ್ಯವಿಲ್ಲದ ದೃಶ್ಯವೂ ಒಂದಿದೆ: ಈಜಿಪ್ಟಿನ ಸಿಬಿಸಿ ವಾಹಿನಿಯ ಕಾರ್ಯಕ್ರಮವೊಂದರಲ್ಲಿ ದೂರುದಾರ ಮತ್ತು ಗೊಂಬೆ ಎದುರುಬದುರಾದರು. ಮನುಷ್ಯನು ಆರೋಪಿಸಿದನು, ಗೊಂಬೆಯು ತಾನು ನಿರಪರಾಧಿ ಎಂದಿತು. ಇಬ್ಬರಲ್ಲಿ ಯಾರು ಹೆಚ್ಚು ಸಮತೋಲನದಿಂದ ಮಾತಾಡಿದರೆಂಬ ತೀರ್ಪನ್ನು ನಾನು ಕೊಡುವುದಿಲ್ಲ.

ಆದರೂ ಆ ಮಹನೀಯನೊಬ್ಬನನ್ನೇ ನೋಡಿ ನಕ್ಕರೆ ಅನ್ಯಾಯವಾದೀತು. 2013ರ ಜುಲೈನಲ್ಲಿ ಸೇನೆಯು ಬ್ರದರ್‌ಹುಡ್‌ನವರಾದ ಅಧ್ಯಕ್ಷ ಮೊರ್ಸಿಯನ್ನು ಕೆಳಗಿಳಿಸಿತ್ತು; ಆಗಸ್ಟ್ 14ರಂದು ಕೈರೋದ ರಬಾ ಚೌಕದಲ್ಲಿ ಅವರ ಪರವಾಗಿ ಧರಣಿ ಕುಳಿತವರನ್ನು ಚದುರಿಸುವಾಗ ನೂರಾರು ಮಂದಿ ಸತ್ತರು; ಡಿಸೆಂಬರ್ 25ರಂದು ಬ್ರದರ್‌ಹುಡ್ ಅನ್ನು ಭಯೋತ್ಪಾದಕ ಸಂಘಟನೆಯೆಂದು ಘೋಷಿಸಲಾಯಿತು. ನಾಲ್ಕು ಬೆರಳಿನ ಗುರುತು ಹುಟ್ಟಿದ್ದು ಆ ಚೌಕದ ಹೆಸರಿನಿಂದ; ಅರಬ್ಬಿಯಲ್ಲಿ ‘ರಬಾ’ ಎಂದರೆ ನಾಲ್ಕನೆಯವಳು. ಅದೇ ಗುರುತಿದ್ದ ಅಳತೆಪಟ್ಟಿಯನ್ನು ಶಾಲೆಗೆ ತಂದನೆಂದು 15 ವರ್ಷದ ಹುಡುಗನನ್ನು ಬಂಧಿಸಿದ್ದೂ ಆ ತಿಂಗಳುಗಳಲ್ಲಿಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಇಲ್ಲಿ ಯಾರೂ ಕಳ್ಳನೆನ್ನದೆಯೇ, ಗಿಡದಲ್ಲಿ ಕೊಂಬೆ ನಾಲ್ಕಿದ್ದುದಕ್ಕೇ ಸರ್ಕಾರ ಹೆಗಲು ತಡವಿಕೊಂಡಿತು. ಅಳತೆಪಟ್ಟಿಗೆ ಹೆದರಿದ ವ್ಯವಸ್ಥೆಯು ಗೊಂಬೆಗೆ ಹೆದರದಿದ್ದರೆ ಅದನ್ನು ಪಕ್ಷಪಾತವೆನ್ನಬೇಕಾಗುತ್ತಿತ್ತು.

ಈ ಬಗೆಯ ವೀಕ್ಷಣೆ ಅರಬ್ ನಾಡಿನ ಸ್ವತ್ತೇನೂ ಅಲ್ಲ. ರಷ್ಯಾದ ಎನ್‌ಟಿವಿ ವಾಹಿನಿಯಲ್ಲಿ ‘ಕುಕ್ಲಿ’ ಎಂಬ ರಾಜಕೀಯ ಗೊಂಬೆಯಾಟ ಬರುತ್ತಿತ್ತು. 1995ರಲ್ಲಿ ಅದರ ಮೇಲೆ ಕ್ರಿಮಿನಲ್ ಪ್ರಕರಣ ಹೂಡಿದ ಹಂಗಾಮಿ ಪ್ರಾಸಿಕ್ಯೂಟರ್ ಜನರಲ್ ಕೆಲವೇ ತಿಂಗಳಲ್ಲಿ ಹುದ್ದೆ ಕಳೆದುಕೊಂಡು, ಮರುವರ್ಷ ಲಂಚದ ಆರೋಪದ ಮೇಲೆ ತಾನೇ ಬಂಧನಕ್ಕೊಳಗಾದರು, ಗೊಂಬೆಗಳು ಟಿ.ವಿ.ಯಲ್ಲಿ ಕುಣಿಯುತ್ತಲೇ ಇದ್ದವು. 2000ದಲ್ಲಿ ಪುಟಿನ್ ಅವರನ್ನು ಜರ್ಮನ್ ಲೇಖಕ ಹಾಫ್‌ಮನ್ ಬರೆದ ಕಥೆಯ ಕುಳ್ಳನಾಗಿ ತೋರಿಸಿದಾಗ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಮತ್ತು ಕಾನೂನು ವಿಭಾಗದ ಡೀನ್ ಸೇರಿದಂತೆ ಗಣ್ಯರು ಪತ್ರಿಕೆಗೆ ಬಹಿರಂಗ ಪತ್ರ ಬರೆದು ಕಾನೂನು ಕ್ರಮವನ್ನು ಕೋರಿದರು. ಕೈರೋದ ದೂರುದಾರನನ್ನು ಅವಿದ್ಯಾವಂತನೆಂದು ಹಳಿಯುವವರು ಈ ಪತ್ರದ ಕೆಳಗಿನ ಪದವಿಗಳನ್ನು ಒಮ್ಮೆ ಓದಿಕೊಳ್ಳಬೇಕು.

ಆರೋಪಿಯ ಮುಂದಿನ ಕಥೆಯನ್ನು ಕೇಳಿದರೆ ದೇಶಭಕ್ತರಿಗೆ ನೋವಾಗುತ್ತದೆ. ಸ್ಫೋಟದ ಸಂಚುಗಾರ್ತಿ ಎನಿಸಿಕೊಂಡ ಫಾಹಿತಾ 2015ರಲ್ಲಿ ಸಿಬಿಸಿ ವಾಹಿನಿಯಲ್ಲಿಯೇ ಸ್ವಂತ ಕಾರ್ಯಕ್ರಮವನ್ನು ಆರಂಭಿಸಿದಳು; ಆಗ ಆಕೆಯ ದ್ವಂದ್ವಾರ್ಥದ ಮಾತುಗಳಿಂದ ಸಂಸ್ಕೃತಿ ಕೆಡುತ್ತಿದೆಯೆಂದು ಹೊಸ ತಲೆಮಾರಿನ ವೀಕ್ಷಕರು ಮೂಗು ಮುರಿದರು. ಮೊದಲಿದ್ದದ್ದು ಒಂದೇ ಗುಪ್ತಾರ್ಥ. ಈಗ ಪ್ರತಿ ವಾಕ್ಯಕ್ಕೂ ಎರಡೆರಡು. 2022ರಲ್ಲಿ ನೆಟ್‌ಫ್ಲಿಕ್ಸ್ ಆಕೆಗಾಗಿ ಒಂದು ಸರಣಿಯನ್ನೇ ಹೊರತಂದಿತು. ಅದರ ಕಥೆಯಲ್ಲಿ ಫಾಹಿತಾ ಅಪರಾಧವೊಂದರಲ್ಲಿ ಸಿಕ್ಕಿಕೊಂಡು ತಲೆಮರೆಸಿಕೊಂಡು ಓಡುತ್ತಾಳೆ. ಕಥೆ ಬರೆದವರಿಗೆ ಕಲ್ಪನಾಶಕ್ತಿ ಸಾಲದೆಂದು ಯಾರಾದರೂ ಅಭಿಪ್ರಾಯಪಟ್ಟರೆ ನಾನು ಅಲ್ಲಗಳೆಯಲಾರೆ.