ಓದುವವರು ನಾವೇ
'ಹವ್ಯಾಸಕ್ಕೆ ಹಳ್ಳಿ ಬದುಕಿನ ಬಗ್ಗೆ ಬರೀತೀನಿ, ಓದುವವರು ಯಾರೋ, ಯಾಕೆ ಓದ್ತಾರೋ ಗೊತ್ತಾಗಲ್ಲ' ಅಂದಿದ್ದೀರಿ. ಹಾಗೆ ಸುಮ್ನೆ ಓದಿ ಹೋಗುವವರಲ್ಲಿ ನಾನೂ ಒಬ್ಬ. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ. ಸೋಮಾರಿತನ, ಇನ್ನೇನು!

ನಾನು ಹಳ್ಳಿ ಬಿಟ್ಟು ಬಹಳ ವರ್ಷ ಆಯ್ತು. ನಿಮ್ಮ ಬರಹದಲ್ಲಿ ನನಗೆ ಬೇಕಾಗಿರುವುದು ದೊಡ್ಡ ವಿಚಾರಗಳಲ್ಲ. ಬಾವಿಯ ನೀರು ಎಷ್ಟು ಇಳಿದಿದೆ, ಕರು ಹಗ್ಗ ಬಿಚ್ಚಿಕೊಂಡು ಎಲ್ಲಿಗೆ ಓಡಿತು, ಇಂಥವು. 'ಹಳ್ಳಿಯ ನೆಮ್ಮದಿ' ಅಂತ ನೀವು ಶುರು ಮಾಡಿದರೆ ಮಾತ್ರ ನಾನು ಆ ಪ್ಯಾರಾ ಹಾರಿಸಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ನೆಮ್ಮದಿ ಎಷ್ಟಿತ್ತು ಅಂತ ಅಲ್ಲಿ ಬೆಳೆದವರಿಗೆ ಗೊತ್ತಿರುತ್ತೆ, ಅಲ್ವಾ?

ಗಿಲ್ಬರ್ಟ್ ವೈಟ್ ಅಂತ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಒಬ್ಬ ಪಾದ್ರಿ ಇದ್ದರು. ತಮ್ಮೂರಿನ ಹಕ್ಕಿ, ಎರೆಹುಳು, ಹವಾಮಾನ, ತೋಟದಲ್ಲಿದ್ದ ಒಂದು ಆಮೆ, ಇಷ್ಟರ ಬಗ್ಗೆಯೇ ಇಬ್ಬರು ಪರಿಚಿತರಿಗೆ ಪತ್ರ ಬರೆಯುತ್ತಿದ್ದರು. ಅವೇ 1789ರಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿರುವ ಕೆಲವು ಪತ್ರಗಳನ್ನು ಅವರು ಅಂಚೆಗೇ ಹಾಕಿರಲಿಲ್ಲವಂತೆ! ಇನ್ನೂರು ವರ್ಷ ದಾಟಿದ ಮೇಲೂ ಜನ ಆ ಆಮೆ ಯಾವಾಗ ಮಣ್ಣೊಳಗೆ ಹೋಯಿತು, ಯಾವಾಗ ಹೊರಬಂತು ಅಂತ ಓದುತ್ತಿದ್ದಾರೆ. ವೈಟ್ ಈ ಓದುಗರನ್ನೆಲ್ಲ ಮನಸ್ಸಲ್ಲಿಟ್ಟುಕೊಂಡು ಬರೆದಿರಲಿಕ್ಕಿಲ್ಲ.

ನೀವೂ ಯಾರೋ ಒಬ್ಬ ಗೆಳೆಯನಿಗೆ ಹೇಳಿದ ಹಾಗೆ ಬರೆಯಿರಿ, ಸಾಕು. ಒಂದು ಮನವಿ ಮಾತ್ರ ಇದೆ. ಅಕ್ಕಪಕ್ಕದ ಮನೆಯವರ ಜಗಳ ಬರೆಯುವಾಗ ಸ್ವಲ್ಪ ಮರೆಮಾಚಿ. ಕಾಣದ ಓದುಗರಲ್ಲಿ ಅವರೂ ಇರಬಹುದು!

ಅಂದ ಹಾಗೆ, ಆ ಕರು ಸಿಕ್ಕಿತಾ?